ಊರಿನ ಡಾಕ್ಟರಿಂದ ಏನೇನು ಬರೆಸಿಕೊಂಡು ಬರಬೇಕು, ಅಮೆರಿಕದಲ್ಲಿ ಹೊಸ ಡಾಕ್ಟರನ್ನು ಹೇಗೆ ಹಿಡಿಯಬೇಕು

ಅಮೆರಿಕಕ್ಕೆ ಬಂದಿಳಿದ ಮೇಲೆ "ಮಕ್ಕಳಿಗೆ ಒಳ್ಳೇ ಡಾಕ್ಟರ್ ಯಾರಿದ್ದಾರೆ?" ಎಂದು ಗುಂಪಿನಲ್ಲಿ ಕೇಳುವವರು ಬಹಳ. ಹೆಸರನ್ನು ಯಾರಾದರೂ ಹೇಳುತ್ತಾರೆ. ಆದರೆ ಅರ್ಧ ಕೆಲಸ ದಾವಣಗೆರೆ, ಚಿತ್ರದುರ್ಗದಲ್ಲಿ ಇರುವಾಗಲೇ ಮುಗಿಸುವಂಥದ್ದು. ಊರಿನ ಡಾಕ್ಟರಿಗೆ ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು, ಮಗುವಿಗೆ ಯಾವ ಸಿರಪ್ ಕುಡಿಸಿದರೆ ಮೈಯೆಲ್ಲ ಗಂಧೆ ಏಳುತ್ತದೆ ಎಂಬುದು ಬಾಯಿಪಾಠ. ಹೊಸ ಡಾಕ್ಟರಿಗೆ ಗೊತ್ತಾಗುವುದು ಕಾಗದದಲ್ಲಿ ಇದ್ದಷ್ಟೇ. ಆದ್ದರಿಂದ ಊರಿನ ಡಾಕ್ಟರ ತಲೆಯಲ್ಲಿ ಇರುವುದನ್ನು ಕಾಗದಕ್ಕೆ ಇಳಿಸಿಕೊಂಡೇ ಹೊರಡಿ.

ಮೊದಲು ಲಸಿಕೆ. ತಾಯಿ ಕಾರ್ಡ್, ಕ್ಲಿನಿಕ್‌ನ ಲಸಿಕೆ ಪುಸ್ತಕ ಎರಡೂ ಬೇಕು, ಆದರೆ ಅಷ್ಟೇ ಸಾಲದು. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ, ಅಲ್ಲಿ ತಿರುವುಮುರುವು. 2020ರ ಜೂನ್ 30ಕ್ಕೆ ಹುಟ್ಟಿದ ಮಗುವಿನ ಪುಸ್ತಕದಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರರ ಲಸಿಕೆ) ಎದುರಿಗೆ 04/10/2021 ಎಂದು ಬರೆದಿದೆ ಅನ್ನಿ. ನಮಗದು ಅಕ್ಟೋಬರ್ 4, ಮಗುವಿಗೆ 15 ತಿಂಗಳು ತುಂಬಿದೆ. ಅಲ್ಲಿನ ನರ್ಸ್ ಅದನ್ನು ಏಪ್ರಿಲ್ 10 ಎಂದು ಓದಿದರೆ ಮಗುವಿಗೆ ಒಂಬತ್ತೇ ತಿಂಗಳು. ವರ್ಷ ತುಂಬುವ ಮುಂಚೆ ಹಾಕಿದ ಎಂಎಂಆರ್ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಚುಚ್ಚುತ್ತಾರೆ. ಅದಕ್ಕೆ ಊರಿನ ಮಕ್ಕಳ ಡಾಕ್ಟರ ಲೆಟರ್‌ಹೆಡ್ ಮೇಲೆ ಒಂದು ಪಟ್ಟಿ ಇಂಗ್ಲಿಷಿನಲ್ಲಿ ಬರೆಸಿ: ಲಸಿಕೆಯ ಪೂರ್ತಿ ಹೆಸರು, ತಾರೀಖು, ತಿಂಗಳು ಮಾತ್ರ ಅಕ್ಷರದಲ್ಲಿ. ಸಹಿ, ನೋಂದಣಿ ಸಂಖ್ಯೆ, ಸೀಲು ಮೂರೂ ಇರಲಿ.

ಎಷ್ಟೇ ಚೆನ್ನಾಗಿ ಬರೆಸಿದರೂ ಕೆಲವು ಡೋಸ್ ಲೆಕ್ಕಕ್ಕೆ ಸಿಗುವುದಿಲ್ಲ, ಕಾರಣ ತಿಳಿದಿದ್ದರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ 9 ತಿಂಗಳಿಗೆ ಹಾಕುವ ಎಂಆರ್ (ದಡಾರ, ರುಬೆಲ್ಲಾ ಲಸಿಕೆ) ವರ್ಷ ತುಂಬುವ ಮುಂಚಿನದು. 16ರಿಂದ 24 ತಿಂಗಳೊಳಗಿನ ಎರಡನೇ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇಲ್ಲ. 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿದ ಪೋಲಿಯೊ ಹನಿಯನ್ನೂ ಅಮೆರಿಕ ಎಣಿಸುವುದಿಲ್ಲ, ಏಕೆಂದರೆ ಆಗಿನಿಂದ ಹನಿಯಲ್ಲಿ ಇರುವುದು ಎರಡು ಬಗೆಯ ವೈರಸ್ ಮಾತ್ರ, ಮುಂಚೆ ಮೂರಿತ್ತು. ಸೀತಾಳೆ ಸಿಡುಬಿನ ಲಸಿಕೆ, ಅಂದರೆ ಚಿಕನ್‌ಪಾಕ್ಸ್‌ದು, ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಅಲ್ಲಿನ ಶಾಲೆಗಳು ಸಾಮಾನ್ಯವಾಗಿ ಎರಡು ಡೋಸ್ ಕೇಳುತ್ತವೆ. ಹೊರಡುವ ಮುಂಚೆ ಊರಲ್ಲೇ ಹಾಕಿಸುವುದಾದರೆ ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಎರಡನ್ನೂ ಒಂದೇ ದಿನ ಹಾಕಿಸಿ, ಇಲ್ಲವೇ ನಡುವೆ 28 ದಿನ ಬಿಡಿ. ಹದಿನೈದು ದಿನಕ್ಕೇ ಹಾಕಿಸಿದರೆ ಎರಡನೆಯದು ವ್ಯರ್ಥ.

ಇನ್ನು ಡಾಕ್ಟರ ಆಯ್ಕೆ. ಮಕ್ಕಳಿಗೆ ಪೀಡಿಯಾಟ್ರಿಷಿಯನ್, ದೊಡ್ಡವರಿಗೆ ಇಂಟರ್ನಲ್ ಮೆಡಿಸಿನ್, ಎಲ್ಲರಿಗೂ ಒಬ್ಬರೇ ಸಾಕೆಂದರೆ ಫ್ಯಾಮಿಲಿ ಮೆಡಿಸಿನ್. ನಿಮ್ಮ ಇನ್ಶೂರೆನ್ಸ್ ಎಚ್‌ಎಂಒ ಎಂಬ ಬಗೆಯ ಪ್ಲಾನ್ ಆದರೆ ಒಬ್ಬ ಪ್ರೈಮರಿ ಡಾಕ್ಟರ ಹೆಸರನ್ನು ಇನ್ಶೂರೆನ್ಸ್‌ನಲ್ಲಿ ದಾಖಲಿಸಲೇಬೇಕು, ಅವರ ಚೀಟಿ ಇಲ್ಲದೆ ತಜ್ಞರ ಬಳಿಗೆ ಹೋದರೆ ಪೂರ್ತಿ ಬಿಲ್ ನಿಮ್ಮ ತಲೆಗೆ. ಪಿಪಿಒ ಎಂಬ ಇನ್ನೊಂದು ಬಗೆಯ ಪ್ಲಾನಿನಲ್ಲಿ ಆ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಇನ್ಶೂರೆನ್ಸ್ ಕಂಪನಿಯ ವೆಬ್‌ಸೈಟಿನ ಡಾಕ್ಟರ ಪಟ್ಟಿ ಎಷ್ಟೋ ಸಲ ಹಳೆಯದಾಗಿರುತ್ತದೆ, ಕ್ಲಿನಿಕ್‌ಗೆ ಫೋನ್ ಮಾಡಿಯೇ ಕೇಳಿ. ಕೇಳುವಾಗ ಇನ್ಶೂರೆನ್ಸ್ ಕಂಪನಿಯ ಹೆಸರು ಹೇಳಿದರೆ "ಹೌದು, ತಗೊಳ್ತೀವಿ" ಅಂದುಬಿಡುತ್ತಾರೆ. ಕಾರ್ಡಿನ ಮೇಲಿರುವ ಪ್ಲಾನಿನ ಹೆಸರನ್ನೇ ಓದಿ ಹೇಳಿ. ಒಂದೇ ಕಂಪನಿಯ ಹತ್ತು ಪ್ಲಾನ್‌ಗಳಲ್ಲಿ ನಿಮ್ಮದನ್ನು ಅವರು ತೆಗೆದುಕೊಳ್ಳದೇ ಇರಬಹುದು. ಹೊಸಬರನ್ನು ಸೇರಿಸಿಕೊಳ್ಳುತ್ತಾರಾ, ಮೊದಲ ಭೇಟಿಗೆ ಎಷ್ಟು ವಾರ, ಮಗುವಿಗೆ ಜ್ವರ ಬಂದರೆ ಅದೇ ದಿನ ನೋಡುತ್ತಾರಾ, ರಾತ್ರಿ ನರ್ಸ್ ಫೋನಿಗೆ ಸಿಗುತ್ತಾರಾ, ಇವೂ ಬೇಕು. ರಕ್ತದ ಮಾದರಿ ಯಾವ ಲ್ಯಾಬ್‌ಗೆ ಹೋಗುತ್ತದೆ ಎಂದೂ ಕೇಳಿ. ಡಾಕ್ಟರು ನೆಟ್‌ವರ್ಕ್ (ನಿಮ್ಮ ಪ್ಲಾನ್ ಒಪ್ಪಿದವರ ಪಟ್ಟಿ) ಒಳಗಿದ್ದು ಲ್ಯಾಬ್ ಹೊರಗಿದ್ದರೆ ತಿಂಗಳ ಮೇಲೆ ಬೇರೆ ಬಿಲ್ ಬರುತ್ತದೆ.

ಗರ್ಭಿಣಿಯರು ಏಳನೇ ತಿಂಗಳಲ್ಲೇ ಮಕ್ಕಳ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ, ಹುಟ್ಟಿದ 3ರಿಂದ 5 ದಿನದೊಳಗೆ ಮೊದಲ ಭೇಟಿ. ನೌಕರಿಯ ಇನ್ಶೂರೆನ್ಸ್‌ಗೆ ಮಗುವಿನ ಹೆಸರನ್ನು 30 ದಿನದೊಳಗೆ ಸೇರಿಸಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಮೊದಲ ಭೇಟಿಯಲ್ಲಿ ನೀವಾಗಿಯೇ ಬಾಯಿಬಿಟ್ಟು ಹೇಳಬೇಕಾದವು ಕೆಲವಿವೆ. ಎಡಗೈ ರಟ್ಟೆಯ ಬಿಸಿಜಿ (ಕ್ಷಯದ ಲಸಿಕೆ) ಗುರುತು ತೋರಿಸಿ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮಕ್ಕೆ ಚುಚ್ಚಿ ಮಾಡುವ ಕ್ಷಯದ ಪರೀಕ್ಷೆ ಕಾಯಿಲೆ ಇಲ್ಲದೆಯೂ ಊದಿಕೊಳ್ಳಬಹುದು. ಎರಡು ವರ್ಷ ದಾಟಿದ ಮಗುವಿಗೆ ರಕ್ತದ ಇಗ್ರಾ ಪರೀಕ್ಷೆಯನ್ನೇ ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಮಗುವಾದರೆ ಅದನ್ನೂ ಹೇಳಿ. ಹಲ್ಲಿನ ಮೇಲಿನ ಬಿಳಿ ಗೆರೆ, ಕಂದು ಮಚ್ಚೆ ಫ್ಲೋರೈಡ್ ಹೆಚ್ಚಾಗಿ ಆದದ್ದು ಇರಬಹುದು. ಇದು ತಿಳಿದಿದ್ದರೆ ಡಾಕ್ಟರು ಫ್ಲೋರೈಡ್ ಹನಿ ಬರೆಯುವ ಮುಂಚೆ ಯೋಚಿಸುತ್ತಾರೆ. ಮಗುವಿಗೆ ಕಾಡಿಗೆ ಹಚ್ಚುತ್ತೀರಾ ಎಂದು ಕೇಳಿದರೆ ನಮ್ಮ ಪದ್ಧತಿಯನ್ನು ಹೀಗಳೆದರು ಎಂದು ನೊಂದುಕೊಳ್ಳಬೇಡಿ. ಅಂಗಡಿಯ ಕಾಡಿಗೆ, ಸುರ್ಮಾ ಕೆಲವದರಲ್ಲಿ ಸೀಸ ಇರುತ್ತದೆ, ರಕ್ತದ ಸೀಸ ಡೆಸಿಲೀಟರಿಗೆ 3.5 ಮೈಕ್ರೊಗ್ರಾಂ ಮುಟ್ಟಿದರೇ ಅಲ್ಲಿ ಎಚ್ಚರಿಕೆ. ದೊಡ್ಡವರು ಸಕ್ಕರೆ ಪರೀಕ್ಷೆ ಕೇಳಿ. ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕ) 25ಕ್ಕಲ್ಲ, 23ಕ್ಕೇ ನೋಡಬೇಕೆಂದು ಅಮೆರಿಕದ ಮಧುಮೇಹ ಸಂಘವೇ ಹೇಳುತ್ತದೆ, 165 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 63 ಕೆ.ಜಿ.

ವರ್ಷದ ಚೆಕಪ್‌ಗೆ ದುಡ್ಡು ಕೊಡಬೇಕಿಲ್ಲ ಎನ್ನುವುದು ಸಾಮಾನ್ಯವಾಗಿ ನಿಜ. ಆದರೆ ಅದೇ ಭೇಟಿಯಲ್ಲಿ ಮಂಡಿನೋವಿನ ವಿಚಾರ ಎತ್ತಿ ಅದಕ್ಕೆ ಔಷಧಿ ಬರೆದರೆ ಎರಡನೇ ಬಿಲ್ ಹಾಕಬಹುದು.

—

ಮೇಲಿನದಕ್ಕೆ ಔಷಧಿಯ ಕಡೆಯಿಂದ ಸೇರಿಸುವುದು ಇಷ್ಟು. ಊರಿನ ಚೀಟಿಯಲ್ಲಿ ಇರುವುದು ಬ್ರ್ಯಾಂಡ್ ಹೆಸರು, ಅಲ್ಲಿ ಅದು ಯಾರಿಗೂ ಗೊತ್ತಿಲ್ಲ. ಒಳಗಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಬರೆಸಿ, ಗುಳಿಗೆಯ ಸ್ಟ್ರಿಪ್ಪಿನ ಹಿಂಭಾಗದ ಫೋಟೊ ಇಟ್ಟುಕೊಳ್ಳಿ. ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಸಕ್ಕರೆ ಕಾಯಿಲೆಯ ವಿಲ್ಡಾಗ್ಲಿಪ್ಟಿನ್, ಗ್ಲಿಕ್ಲಾಜೈಡ್, ಬಿಪಿಯ ಸಿಲ್ನಿಡಿಪಿನ್ ಅಮೆರಿಕದಲ್ಲಿ ಸಿಗುವುದೇ ಇಲ್ಲ, ಬದಲಿ ಔಷಧಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹೊರಡುವ ಎರಡು ತಿಂಗಳ ಮುಂಚೆಯೇ ಊರಿನ ಡಾಕ್ಟರಿಗೆ ಹೇಳಿದರೆ ಅವರ ಕಣ್ಣೆದುರೇ ಬದಲಾಯಿಸಿಕೊಡಬಹುದು. ಮೂರು ತಿಂಗಳ ಗುಳಿಗೆ ಸ್ಟ್ರಿಪ್‌ನಲ್ಲೇ ತನ್ನಿ, ಡಬ್ಬಿಗೆ ಸುರಿದು ತರಬೇಡಿ.

—

ಅಮೆರಿಕದೊಳಗೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರು ಹಳೇ ಡಾಕ್ಟರಲ್ಲಿ 90 ದಿನದ ಔಷಧಿ ಬರೆಸಿ, ದಾಖಲೆ ಕಳಿಸುವ ಫಾರ್ಮಿಗೆ ಸಹಿ ಹಾಕಿಯೇ ಊರು ಬಿಡಿ. ಕಾನೂನು ಅವರಿಗೆ 30 ದಿನ ಕೊಟ್ಟಿದೆ, ಅಷ್ಟೂ ದಿನ ತೆಗೆದುಕೊಳ್ಳಬಹುದು. ಲಸಿಕೆ ಪಟ್ಟಿಯನ್ನಾದರೂ ಕ್ಲಿನಿಕ್‌ನ ಪೋರ್ಟಲ್‌ನಿಂದ ನೀವೇ ಇಳಿಸಿಕೊಳ್ಳಿ. ದಾವಣಗೆರೆಯಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಅಪಾಯಿಂಟ್‌ಮೆಂಟ್ ಹಾಕಿಸುವಾಗಲೇ ಕನ್ನಡ ದುಭಾಷಿ ಬೇಕು ಎಂದು ಹೇಳಿ. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಅದನ್ನು ಬಿಟ್ಟಿಯಾಗಿ ಕೊಡಬೇಕು, ಫೋನಿನಲ್ಲಾದರೂ. ಮೊಮ್ಮಗನಿಂದ ಅಜ್ಜಿಯ ಮೂತ್ರದ ತೊಂದರೆ ಹೇಳಿಸಬೇಡಿ. ಅಜ್ಜಿ ಅವನ ಮುಂದೆ ಅರ್ಧ ಮುಚ್ಚಿಡುತ್ತಾರೆ, ಉಳಿದರ್ಧ ಅವನಿಗೆ ಹೇಳಲು ಬರುವುದಿಲ್ಲ.