ಪುಟ್ಟಿ ಹುಟ್ಟುಹಬ್ಬದ ದುಡ್ಡು ಆಸ್ಪತ್ರೆಗೆ ಯಾಕೆ ಅಂತ ಕೇಳಿದಿರಲ್ಲ ಚಿಕ್ಕಪ್ಪ

ಚಿಕ್ಕಪ್ಪ, ನೀವು ಬೆಳಿಗ್ಗೆ ಹಾಕಿದ ವಾಯ್ಸ್ ಮೆಸೇಜ್ ಕೇಳಿದೆ. "ಮಗುಗೇ ಹುಷಾರಿಲ್ಲ, ಇವರು ಆಸ್ಪತ್ರೆಗೆ ಅಂತ ದುಡ್ಡು ಎತ್ತುತ್ತಿದ್ದಾರಲ್ಲ, ಅದು ಸರ್ಕಾರಿ ಆಸ್ಪತ್ರೆ ಅಲ್ವಾ, ಸರ್ಕಾರ ನೋಡಿಕೊಳ್ಳಲ್ವಾ" ಅಂತ ಕೇಳಿದ್ದೀರಿ. ನಾನೂ ವಾಯ್ಸಲ್ಲೇ ಹೇಳೋಣ ಅಂತಿದ್ದೆ. ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸಲ್ಲ, ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೈಯಬೇಡಿ. ಪುಟ್ಟಿಯ ಅಪ್ಪ, ಅಂದರೆ ನನ್ನ ತಮ್ಮ, ಈ ಗ್ರೂಪನ್ನು ಮ್ಯೂಟ್ ಮಾಡಿದ್ದಾನೆ, ಅವನ ಹೆಂಡತಿ ಗ್ರೂಪಲ್ಲೇ ಇಲ್ಲ. ಅದಕ್ಕೇ ಸ್ವಲ್ಪ ಬಿಚ್ಚಿಯೇ ಹೇಳುತ್ತೇನೆ.

ಅವನು ಕೇಳಿದ್ದು ಇಷ್ಟೇ. ಮುಂದಿನ ತಿಂಗಳು ಪುಟ್ಟಿಗೆ ಆರು ತುಂಬುತ್ತೆ, ಬಟ್ಟೆ, ಆಟದ ಸಾಮಾನು ಏನೂ ತರಬೇಡಿ, ಆ ದುಡ್ಡನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕೊಡೋಣ ಅಂತ. ಅವಳ ಔಷಧಿಗೆ ಅವನು ಯಾರ ಹತ್ತಿರವೂ ಕೈ ಚಾಚುತ್ತಿಲ್ಲ. ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆಗಿದ್ದರೆ ಸರ್ಕಾರ ಖರ್ಚಿನ ಶೇ 30 ಮಾತ್ರ ಕೊಡುತ್ತಿತ್ತು, ಅದೂ ವರ್ಷಕ್ಕೆ 1.5 ಲಕ್ಷ ಮೀರುವಂತಿಲ್ಲ. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ, ಸರ್ಕಾರ ನೋಡಿಕೊಳ್ಳುತ್ತೆ. ಆದರೆ ಆ ಕಾರ್ಡು ರೂಮಿನ ಬಾಡಿಗೆ ಕಟ್ಟಲ್ಲ. ಅಪ್ಪನ ಹೋದ ಕೂಲಿಯನ್ನು ತಂದುಕೊಡಲ್ಲ. ಊರಲ್ಲಿ ಬಿಟ್ಟು ಬಂದ ಇನ್ನೊಂದು ಮಗುವನ್ನು ಶಾಲೆಗೆ ಕಳಿಸಲ್ಲ.

ಪುಟ್ಟಿಗೆ ಇರೋದು ಎಎಲ್‌ಎಲ್ ಅನ್ನೋ ಬ್ಲಡ್ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ, ಗುಣ ಆಗುವುದರಲ್ಲೂ ಇದು ಮುಂದೆ. ಆದರೆ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತೆ. ಮೊದಲ ಕೆಲವು ತಿಂಗಳು ಆಸ್ಪತ್ರೆ ಹತ್ತಿರವೇ ಇರಬೇಕು. ಕೀಮೋ ಕೊಟ್ಟ ಮೇಲೆ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದುಬಿಡುತ್ತೆ, ಆಗ ಥರ್ಮಾಮೀಟರ್ 100.4 ತೋರಿಸಿದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕೂರುವಂತಿಲ್ಲ, ಆ ಕ್ಷಣವೇ ಎತ್ತಿಕೊಂಡು ಓಡಬೇಕು, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು ಅನ್ನುತ್ತಾರೆ. ಕಡೂರಿನಿಂದ ಬೆಂಗಳೂರು ಎಷ್ಟು ದೂರ ಅಂತ ನಿಮಗೇ ಗೊತ್ತು. ಶಕ್ತಿ ಯೋಜನೆಯಲ್ಲಿ ಅಮ್ಮ ಮಗಳಿಗೆ ಬಸ್ ಟಿಕೆಟ್ ಇಲ್ಲ, ನಿಜ. ಆದರೆ ಕೌಂಟ್ ಇಳಿದ ಮಗುವನ್ನು ಜನ ತುಂಬಿದ ಬಸ್ಸಿಗೆ ಹತ್ತಿಸಲು ಆಗುತ್ತಾ?

ನಮ್ಮವರಿಗೆ ನಾನು ಬೆಂಗಳೂರಲ್ಲಿ ಇದ್ದೇನೆ, ಒಂದು ರೂಮು ಬಿಟ್ಟುಕೊಟ್ಟೆ, ಆಯ್ತು. ಪುಟ್ಟಿಯ ಪಕ್ಕದ ಬೆಡ್ಡಿನವರಿಗೆ ಯಾರೂ ಇಲ್ಲ. ರಾಯಚೂರು, ಕಲಬುರಗಿ, ಆಂಧ್ರದ ಕಡೆಯಿಂದೆಲ್ಲ ಬರುತ್ತಾರೆ. ಕಿದ್ವಾಯಿ, ಅದರ ಅಕ್ಕಪಕ್ಕ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್, ಎಲ್ಲಾ ಆ ಒಂದೇ ಕಡೆ ಇರೋದರಿಂದ ಸುತ್ತಮುತ್ತ ಸಣ್ಣ ರೂಮಿಗೂ ಎಷ್ಟು ಬೇಡಿಕೆ ಅಂತ ಊಹಿಸಿಕೊಳ್ಳಿ. ಧರ್ಮಶಾಲೆ ಇದ್ದರೂ ಬಂದವರಿಗೆಲ್ಲ ಸಾಲಲ್ಲ. ಮಗುಗೆ ಬಿಸಿ ಬಿಸಿ ಮಾಡಿದ್ದನ್ನೇ ಕೊಡಬೇಕು, ಹೊರಗಿನದು ಬೇಡ ಅನ್ನುತ್ತಾರೆ ಡಾಕ್ಟ್ರು. ಒಲೆ ಇಲ್ಲದವರು ಏನು ಮಾಡಬೇಕು?

ನನಗೆ ಹೊಟ್ಟೆ ಉರಿಯೋದು ಇದಕ್ಕೆ. ಒಂದೆರಡು ತಿಂಗಳಿಗೆ ಮಗು ಗೆಲುವಾಗುತ್ತೆ, ಊಟ ಸೇರುತ್ತೆ, ಆಮೇಲೆ ಕೂದಲೂ ಬರೋಕೆ ಶುರುವಾಗುತ್ತೆ. ರಿಪೋರ್ಟಲ್ಲಿ ಕ್ಯಾನ್ಸರ್ ಕಣ ಕಾಣಲ್ಲ ಅಂತಲೂ ಬರುತ್ತೆ. ಅಷ್ಟರಲ್ಲಿ ಮನೆಯ ದುಡ್ಡೆಲ್ಲ ಖಾಲಿ, ಊರಲ್ಲಿ ಕೊಯ್ಲು, ಸಾಲ ಕೊಟ್ಟವರ ಫೋನು. "ಮಗು ಆಡ್ಕೊಂಡಿದೆಯಲ್ಲ, ಇನ್ನೇನು" ಅಂತ ಅಜ್ಜಿ ಅನ್ನುತ್ತಾರೆ. ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾರೆ. ಕಣ್ಣಿಗೆ ಕಾಣದ್ದು ಒಳಗೆ ಉಳಿದಿರುತ್ತೆ, ಅದಕ್ಕೇ ಅಷ್ಟು ವರ್ಷದ ಔಷಧಿ. ಮಧ್ಯದಲ್ಲಿ ಬಿಟ್ಟು ಕಾಯಿಲೆ ತಿರುಗಿ ಬಂದರೆ ಮೊದಲಿನ ಹಾಗೆ ಬಗ್ಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಎಷ್ಟೋ ಕಡೆ 30ಕ್ಕಿಂತ ಕಮ್ಮಿ. ತಡವಾಗಿ ಗೊತ್ತಾಗೋದು ಒಂದು ಕಾರಣ, ಔಷಧಿ ಸಿಗದಿರೋದು ಒಂದು, ಹೀಗೆ ಮಧ್ಯದಲ್ಲಿ ಬಿಟ್ಟುಹೋಗೋದು ಇನ್ನೊಂದು. ಬಿಟ್ಟುಹೋಗೋದನ್ನು ತಡೆಯೋಕೆ ದೊಡ್ಡ ಮೆಷೀನ್ ಬೇಕಾಗಿಲ್ಲ ಚಿಕ್ಕಪ್ಪ. ಬಾಡಿಗೆ, ರೇಷನ್ನು, ರೈಲು ಚಾರ್ಜು, "ಮುಂದಿನ ಸೋಮವಾರ ಬರಲಿಲ್ಲವಲ್ಲ ಯಾಕೆ" ಅಂತ ಫೋನ್ ಮಾಡಿ ಕೇಳೋರು ಒಬ್ಬರು. ತಮ್ಮ ವಾರ್ಡಲ್ಲಿ ಕೂತು ಕೂತು ಇದನ್ನೆಲ್ಲ ಕಣ್ಣಾರೆ ನೋಡಿದ್ದಾನೆ, ಅದಕ್ಕೇ ಕೇಳುತ್ತಿರೋದು.

ರೈಲು ಅಂದೆನಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಫಾರಂ ಬರೆಸಿಕೊಂಡು ಸ್ಟೇಷನ್ ಕೌಂಟರಲ್ಲಿ ಕೊಡಬೇಕು. ಊರಲ್ಲಿ ಯಾರಿಗಾದರೂ ಬೇಕಾದರೆ ಹೇಳಿ.

ಉಡುಗೊರೆ ಬಿಟ್ಟು ಆಸ್ಪತ್ರೆಗೆ ದುಡ್ಡು ಕೊಡೋದು ಯಾವ ಹೊಸ ಫ್ಯಾಷನ್ ಅಂತ ಅತ್ತೆ ಕೇಳಿದರು. ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಸ್ಕಾಟ್ ಅಂತ ಒಬ್ಬಳು ಹುಡುಗಿ ಇದ್ದಳು. ಒಂದು ವರ್ಷ ತುಂಬುವ ಮೊದಲೇ ಕ್ಯಾನ್ಸರ್. 2000ದಲ್ಲಿ, ನಾಲ್ಕು ವರ್ಷದವಳು, ಮನೆ ಮುಂದೆ ನಿಂಬೆ ಪಾನಕ ಮಾರಿ ಆಸ್ಪತ್ರೆಗೆ ದುಡ್ಡು ಕೊಡುತ್ತೇನೆ ಅಂತ ಹಟ ಹಿಡಿದಳು, ನನಗೆ ಮಾಡಿದ ಹಾಗೆ ಡಾಕ್ಟ್ರು ಬೇರೆ ಮಕ್ಕಳಿಗೂ ಮಾಡಲಿ ಅಂತ. ಮೊದಲ ಸಲ ಸುಮಾರು 2 ಸಾವಿರ ಡಾಲರ್ ಬಂತು. ಆಮೇಲೆ ಊರೂರಲ್ಲಿ ಜನ ಪಾನಕದ ಟೇಬಲ್ ಹಾಕಿದರು. 2004ರಲ್ಲಿ ಅವಳು ತೀರಿಕೊಳ್ಳುವ ಹೊತ್ತಿಗೆ ಎಲ್ಲ ಸೇರಿ 10 ಲಕ್ಷ ಡಾಲರ್ ದಾಟಿತ್ತು. ಈ ಕಥೆಯನ್ನು ದಯವಿಟ್ಟು ತಮ್ಮನ ಹೆಂಡತಿಗೆ ಯಾರೂ ಫಾರ್ವರ್ಡ್ ಮಾಡಬೇಡಿ.

ಪುಟ್ಟಿಯ ಫೋಟೋನೂ ಫಾರ್ವರ್ಡ್ ಮಾಡಬೇಡಿ. ಬೋಳು ತಲೆ, ಮೂಗಿಗೆ ಟ್ಯೂಬು, ಕೆಳಗೆ ಕ್ಯೂಆರ್ ಕೋಡು, ಅಂಥದ್ದು ಬೇಡವೇ ಬೇಡ. ಅವಳು ನಾಳೆ ಶಾಲೆಗೆ ಹೋಗುವ ಹುಡುಗಿ. ಅಲ್ಲದೆ ಅಂಥ ಫೋಟೋ ಕದ್ದು ತಮ್ಮದೇ ಕ್ಯೂಆರ್ ಅಂಟಿಸಿ ದುಡ್ಡು ಹೊಡೆಯುವವರು ಇದ್ದಾರೆ. ಹಣ ತಮ್ಮನ ಖಾತೆಗೂ ಬೇಡ, ನನ್ನ ಖಾತೆಗೂ ಬೇಡ. ಚೆಕ್ಕೋ ಡಿಡಿಯೋ ನೇರ ಕಿದ್ವಾಯಿ ಸಂಸ್ಥೆಯ ಹೆಸರಿಗೇ ಬರೆಯಿರಿ, ಮಕ್ಕಳ ವಾರ್ಡಿನ ಬಡ ರೋಗಿಗಳಿಗೆ ಅಂತ ಒಂದು ಪತ್ರ ಲಗತ್ತಿಸಿ, ರಸೀದಿ ತೆಗೆದುಕೊಳ್ಳಿ. ನೀವು ಬ್ಯಾಂಕಲ್ಲಿದ್ದವರು, ನಿಮಗೆ ನಾನು ಹೇಳಬೇಕಾ. ತೆರಿಗೆ ವಿನಾಯಿತಿ ಕೇಳಿದ ಭಾವನಿಗೆ: ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ದಾನದ ವಿನಾಯಿತಿ ಸಿಗಲ್ಲ. ಹಳೆಯದಾದರೂ 2 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕೆ ಬರಲ್ಲ.

ದುಡ್ಡು ಆಗಲ್ಲ ಅನ್ನುವವರು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಕೊಡಿ. ನನ್ನ ಕೇಳಿದರೆ ಅದೇ ದೊಡ್ಡದು. ರಕ್ತವನ್ನು ಒಂದು ತಿಂಗಳಿಗೂ ಮೇಲೆ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಹಬ್ಬ, ಸಾಲು ರಜೆ ಬಂತು ಅಂದರೆ ಕೊಡೋರೇ ಇರಲ್ಲ. ಮೆಷೀನಲ್ಲಿ ಒಂದು, ಒಂದೂವರೆ ಗಂಟೆ, ಬರೀ ಪ್ಲೇಟ್‌ಲೆಟ್ ತೆಗೆದುಕೊಂಡು ಉಳಿದ ರಕ್ತ ವಾಪಸ್ ಕೊಡುತ್ತಾರೆ. 50 ಕೆಜಿ ಮೇಲಿರಬೇಕು, ಮೂರು ದಿನದಿಂದ ಆಸ್ಪಿರಿನ್ ತೆಗೆದುಕೊಂಡಿರಬಾರದು. ಆದರೆ ರಕ್ತಸಂಬಂಧಿಗಳು ಪುಟ್ಟಿಗೇ ಅಂತ ಕೊಡಬೇಡಿ. ಮುಂದೆ ಎಂದಾದರೂ ಅಸ್ಥಿಮಜ್ಜೆ ಕಸಿ ಬೇಕಾದರೆ ತೊಂದರೆ ಆಗುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ. ನೀವು ಬೇರೆ ಮಕ್ಕಳಿಗೆ ಕೊಡಿ, ಅಳಿಯಂದಿರು, ಸ್ನೇಹಿತರು ಪುಟ್ಟಿಗೆ ಕೊಡಲಿ. ನಮ್ಮ ಮನೆಯಲ್ಲಿ ಅರ್ಧ ಅಳಿಯಂದಿರು ಸೋದರಮಾವಂದಿರೇ, ಅವರು ಈ ಲೆಕ್ಕಕ್ಕಿಲ್ಲ!

ಇನ್ನೊಂದು, ಕಷಾಯ, ನಾಟಿ ಔಷಧಿ ಕೊಟ್ಟು ಕಳಿಸಬೇಡಿ. ಕೀಮೋ ಮಾತ್ರೆ ಜೊತೆ ಸೇರಿದರೆ ಲಿವರ್ ಏನಾಗುತ್ತೋ. ಹರಕೆ ಎಷ್ಟು ಬೇಕಾದರೂ ಕಟ್ಟಿಕೊಳ್ಳಿ.

ಪ್ಲೇಟ್‌ಲೆಟ್ ಕೊಡುವವರು ಹೆಸರು, ರಕ್ತದ ಗುಂಪು, ಯಾವ ವಾರ ಬರಬಹುದು ಅಂತ ನನಗೆ ಕಳಿಸಿ, ಗ್ರೂಪಲ್ಲಿ ಅಲ್ಲ. ಫೋನ್ ಮಾಡುವುದಾದರೆ ರಾತ್ರಿ ಒಂಬತ್ತರ ಮೇಲೆ ಮಾಡಿ, ಅಷ್ಟೊತ್ತಿಗೆ ಅಡಿಗೆ ಮನೆ ಕೆಲಸ ಮುಗಿದಿರುತ್ತೆ. ಚಿಕ್ಕಪ್ಪ, ನೀವು ಮಾತ್ರ ಯಾವಾಗ ಬೇಕಾದರೂ ಮಾಡಿ, ಡಿಡಿ ಬರೆಸುವ ಕೆಲಸ ನಿಮ್ಮ ತಲೆಗೇ ಕಟ್ಟುವವಳಿದ್ದೇನೆ.