ಅವ್ವನಿಗೆ ಸ್ಮಾರ್ಟ್‌ಫೋನ್ ಕಲಿಸಬೇಕು, ನಿಮ್ಮ ಅನುಭವ ಹೇಳಿ

ಪ್ರಶ್ನೆ, ಶಹಾಪುರದಿಂದ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನಗೆ 21 ವರ್ಷ. ನರ್ಸಿಂಗ್ ಮುಗಿದಿದೆ, ಮುಂದಿನ ತಿಂಗಳು ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದೇನೆ. ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಇಷ್ಟು ದಿನ ಬಟನ್ ಫೋನ್ ಇತ್ತು. ಈಗ ಸ್ಮಾರ್ಟ್‌ಫೋನ್ ಕೊಡಿಸಿದ್ದೇನೆ, ಆದರೆ ಮುಟ್ಟೋಕೇ ಹೆದರುತ್ತಾಳೆ. 'ಎಲ್ಲಿ ಏನ್ ಒತ್ತಿ ರೊಕ್ಕ ಹೋದ್ರ ಹೆಂಗ?' ಅಂತಾಳೆ. ಗೃಹಲಕ್ಷ್ಮಿ ದುಡ್ಡು ಅವಳ ಖಾತೆಗೇ ಬರುತ್ತೆ. 'ಅವಳಿಗ್ಯಾಕೆ ಅದು, ಬೇಕಾದ್ದು ನಾವು ಮಾಡಿಕೊಟ್ಟರಾಯ್ತು' ಅಂತಾನೆ ಅಣ್ಣ. ಅವ್ವ ನಾಲ್ಕನೇ ಇಯತ್ತೆ ಓದಿದ್ದಾಳೆ, ಕನ್ನಡ ಕೂಡಿಸಿಕೊಂಡು ಓದುತ್ತಾಳೆ. ಒಂದು ತಿಂಗಳಲ್ಲಿ ಎಲ್ಲಿಂದ ಶುರು ಮಾಡಲಿ? ದುಡ್ಡಿನ ವಿಷಯದಲ್ಲಿ ಏನು ಎಚ್ಚರಿಕೆ ಇರಬೇಕು?

ಉತ್ತರ, ಕಲಬುರಗಿಯಿಂದ

ತಂಗಿ, ನಿಮ್ಮಣ್ಣ ಹೇಳೋ ಮಾತನ್ನೇ ನಾನೂ ಎರಡು ವರ್ಷ ಹೇಳಿದ್ದೇನೆ. ಅವ್ವ ಫೋನ್ ಹಿಡಿದು ಏನಾದರೂ ಹುಡುಕುತ್ತಿದ್ದರೆ 'ತಾ ಇಲ್ಲಿ, ನಾ ಮಾಡ್ತೀನಿ' ಅಂತ ಕೈಯಿಂದ ತೆಗೆದುಕೊಳ್ಳುತ್ತಿದ್ದೆ. ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅವ್ವ ಕಲಿಯೋದು ಮಾತ್ರ ಅಲ್ಲಿಗೇ ನಿಲ್ಲುತ್ತಿತ್ತು. ಈಗ ನನಗೆ 23. ನನ್ನ ಓರಗೆಯವರು 'ದೊಡ್ಡವರಿಗೆ ಇದೆಲ್ಲ ಬರಲ್ಲ' ಅಂದಾಗ ನಿಜವಾಗಿ ಸಿಟ್ಟು ಬರುತ್ತೆ. ಅವರ ಕೈಯಲ್ಲಿ ಫೋನ್ ಹತ್ತು ನಿಮಿಷ ಇರೋಕೆ ನಾವು ಬಿಟ್ಟಿದ್ದೀವಾ?

ಅದಕ್ಕೆ, ಫೋನ್ ಅವ್ವನ ಕೈಯಲ್ಲೇ ಇರಲಿ. ನೀನು ಪಕ್ಕದಲ್ಲಿ ಕೂತು ಬಾಯಿಂದ ಹೇಳು, ಅಷ್ಟೇ. ಎಷ್ಟೇ ತಡವಾದರೂ ನಿನ್ನ ಬೆರಳು ಪರದೆಗೆ ತಾಗಬಾರದು.

ನಾನು ಮಾಡಿದ ದೊಡ್ಡ ತಪ್ಪು ಒಂದು ಪದದ್ದು. 'ಇಲ್ಲಿ ಒತ್ತು' ಅನ್ನುತ್ತಿದ್ದೆ. ಅವ್ವ ಬಟನ್ ಫೋನಿನಂತೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದಳು. ಒತ್ತಿ ಹಿಡಿದರೆ ಫೋನ್ ನಡುಗುತ್ತೆ, ಬೇರೇನೋ ಪಟ್ಟಿ ಬರುತ್ತೆ, ಚಿತ್ರ ಜಾಗ ಬಿಟ್ಟು ಸರಿಯುತ್ತೆ. 'ಇದು ನಡುಗ್ಲಿಕತ್ತದ ನೋಡು' ಅಂತ ಗಾಬರಿಯಾಗಿ ಕೆಳಗೆ ಇಟ್ಟುಬಿಡುತ್ತಿದ್ದಳು. ಹೀಗೇ ಒಂದು ವಾರ ಹೋಯಿತು. ಒಂದಿನ ಅವ್ವ ರೊಟ್ಟಿ ಮಾಡುವಾಗ ನೋಡ್ತಾ ಕೂತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ಬೆರಳ ತುದಿ ತಾಗಿಸಿ ಥಟ್ ಅಂತ ತೆಗೆದಳು. 'ಅವ್ವಾ, ಫೋನೂ ಹಿಂಗೇ. ಒತ್ತಬೇಡ, ತಾಗಿಸಿ ತೆಗಿ' ಅಂದೆ. ಅವತ್ತಿಂದ ಆ ತೊಂದರೆ ಇಲ್ಲ. ಅವಳ ಬೆರಳು ಒಣಗಿ ಒಡೆದಿದ್ದರೆ ಪರದೆ ಕೆಲವು ಸಲ ಸ್ಪರ್ಶ ಹಿಡಿಯಲ್ಲ, ಅದು ಅವಳ ತಪ್ಪಲ್ಲ ಅಂತ ಮೊದಲೇ ಹೇಳು. ಸ್ವಲ್ಪ ಒದ್ದೆ ಬಟ್ಟೆಗೆ ಕೈ ಒರೆಸಿಕೊಂಡರೆ ಸರಿಹೋಗುತ್ತೆ.

ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡಕ್ಕೆ ಬದಲಾಯಿಸು, ಅಕ್ಷರ ದೊಡ್ಡದು ಮಾಡು. ಕೂಡಿಸಿ ಓದೋರಿಗೆ ಇದೊಂದೇ ಎಷ್ಟು ಧೈರ್ಯ ಕೊಡುತ್ತೆ ಗೊತ್ತಾ? 'ಅಳಿಸಿ', 'ರದ್ದುಮಾಡಿ' ಅನ್ನೋದನ್ನು ನಮ್ಮವ್ವ ತಾನೇ ಓದಿ 'ಇದು ಬ್ಯಾಡ' ಅಂತ ಹಿಂದೆ ಬರುತ್ತಾಳೆ. ಮೊದಲ ಪರದೆ ಮೇಲೆ ನಾಲ್ಕೈದು ಚಿತ್ರ ಮಾತ್ರ ಇಟ್ಟು ಉಳಿದದ್ದೆಲ್ಲ ತೆಗಿ.

ಮೊದಲ ಪಾಠ ದುಡ್ಡಿನದು ಬೇಡ. ಅವಳಿಗೆ ಏನು ಆಸೆ ಅಂತ ಕೇಳು. ನಮ್ಮವ್ವನಿಗೆ ಎರಡು ಆಸೆ ಇದ್ದವು. ಒಂದು, ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿರುವ ನಮ್ಮಣ್ಣನ ಮಗುವಿನ ಮುಖ ನೋಡಬೇಕು. ಇನ್ನೊಂದು, ಶರಣಬಸವೇಶ್ವರ ಜಾತ್ರೆಯ ತೇರು. ಕಾಲು ನೋವಿಂದ ಆ ವರ್ಷ ಹೋಗೋಕಾಗಿರಲಿಲ್ಲ. ಮೈಕಿನ ಚಿತ್ರ ತೋರಿಸಿ 'ಮಾತಾಡು' ಅಂದೆ. 'ಶರಣಬಸಪ್ಪನ ತೇರು' ಅಂದಳು. ತೇರು ಬಂದೇಬಿಟ್ಟಿತು. ಫೋನನ್ನು ಗೋಡೆಗೆ ಒರಗಿಸಿಟ್ಟು ಕೈಮುಗಿದಳು. ಆಮೇಲೆ ನಾನು ಕರೆಯೋದು ಬೇಕಾಗಲಿಲ್ಲ, ಅವಳೇ 'ಇವತ್ತು ಏನ್ ಕಲಿಸ್ತಿ' ಅಂತ ಕೇಳೋಕೆ ಶುರು ಮಾಡಿದಳು.

ಮೈಕಿನ ಬಗ್ಗೆ ಒಂದು ಬೇಜಾರೂ ಹೇಳಬೇಕು. ಮಾತು ಕೇಳಿ ಬರೆಯೋ ಸೌಲಭ್ಯ ಕನ್ನಡದಲ್ಲಿದೆ, ಚೆನ್ನಾಗೇ ಇದೆ. ಆದರೆ ನಮ್ಮ ಭಾಗದ ಮಾತು ಅದಕ್ಕೆ ಸರಿಯಾಗಿ ತಿಳಿಯಲ್ಲ. ಅವ್ವ 'ಹೊಲಕ್ಕ ಹೊಂಟೀನಿ' ಅಂದರೆ ಅದು ಇನ್ನೇನೋ ಬರೆಯಿತು. ಮೂರು ಸಲ ಹೇಳಿದಳು. ಕೊನೆಗೆ 'ನನಗ ಮಾತಾಡ್ಲಿಕ್ಕೇ ಬರಲ್ಲ ಬಿಡು' ಅಂದಳು. ಆ ಮಾತು ನನಗೆ ಬಹಳ ನೋವು ಮಾಡಿತು. ಐವತ್ತು ವರ್ಷದಿಂದ ಆಡುತ್ತಿರುವ ಮಾತು ತಪ್ಪು ಅಂತ ಒಂದು ಯಂತ್ರದ ಮುಂದೆ ಅವಳಿಗೆ ಅನ್ನಿಸಿಬಿಟ್ಟಿತಲ್ಲ! ಹೊಸ ತಂತ್ರಜ್ಞಾನ ನಮ್ಮವರ ಹತ್ತಿರ ಬರಬೇಕಾದರೆ ಕಲಬುರಗಿಯ ಮಾತನ್ನೂ ಅದು ಕಲಿಯಬೇಕು. ಅಲ್ಲಿವರೆಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸೋದು ಕಲಿಸು. ಅದರಲ್ಲಿ ಅವಳು ಹೇಗೆ ಮಾತಾಡಿದರೂ ಹಾಗೇ ಹೋಗುತ್ತೆ, ಕೇಳೋದು ನೀನೇ ಅಲ್ವಾ.

ಇನ್ನು ದುಡ್ಡು. ಉಳಿತಾಯ, ಗೃಹಲಕ್ಷ್ಮಿ ಎಲ್ಲ ಇರೋ ಖಾತೆಯನ್ನು ಯುಪಿಐಗೆ ಜೋಡಿಸಬೇಡ. ನಾವು ಬೇರೆ ಒಂದು ಖಾತೆ ತೆರೆದು ಅದನ್ನಷ್ಟೇ ಜೋಡಿಸಿದ್ದೇವೆ. ಅದರಲ್ಲಿ ಯಾವತ್ತೂ ಸಾವಿರ, ಒಂದೂವರೆ ಸಾವಿರಕ್ಕಿಂತ ಜಾಸ್ತಿ ಇರಲ್ಲ. ಹೋದರೂ ಅಷ್ಟೇ ಹೋಗುತ್ತೆ ಅನ್ನೋದು ಗೊತ್ತಿದ್ದರೆ ಅವಳ ಕೈ ನಡುಗಲ್ಲ. ಮೊದಲು ಮನೆಯಲ್ಲೇ ನಿನಗೆ ಒಂದು ರೂಪಾಯಿ ಕಳಿಸಲಿ, ನೀನು ವಾಪಸ್ ಕಳಿಸು. ಹತ್ತು ಸಲ ಆಗಲಿ. ಆಮೇಲೆ ಸಂತೆಗೆ ಕರೆದುಕೊಂಡು ಹೋಗು. ನಮ್ಮವ್ವ ಮೊದಲ ಸಲ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆಯಲ್ಲಿ 20 ರೂಪಾಯಿಯ ಮೆಂತ್ಯ ಪಲ್ಯ ತಗೊಂಡಳು. ಕಳಿಸಿ 'ಬಂತೇನಪಾ?' ಅಂತ ಮಾರುವವನನ್ನು ಕೇಳುವಷ್ಟರಲ್ಲಿ ಅವನ ಹತ್ತಿರದ ಮಾತಾಡೋ ಡಬ್ಬಿ ತಾನೇ ಇಪ್ಪತ್ತು ರೂಪಾಯಿ ಬಂತು ಅಂತ ಕೂಗಿತು. ದಾರಿಯುದ್ದಕ್ಕೂ ಅದೇ ಮಾತು.

ಒಂದೇ ಒಂದು ನಿಯಮ ಬಾಯಿಪಾಠ ಮಾಡಿಸು. ದುಡ್ಡು ಕೊಡೋಕೆ ಪಿನ್ ಬೇಕು, ತಗೊಳ್ಳೋಕೆ ಪಿನ್ ಬೇಡ. ನಮ್ಮ ಮಾಮಾ ಇದು ಗೊತ್ತಿಲ್ಲದೇ 9,000 ಕಳೆದುಕೊಂಡರು. ಹಳೇ ಬೈಕ್ ಮಾರೋಕೆ ಹಾಕಿದ್ದರು. ಕೊಳ್ಳೋನು 'ಮುಂಗಡ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದ. ಹಾಕಿದರು, ಹೋಯಿತು. ಅದಕ್ಕಿಂತ ಕೆಟ್ಟದ್ದೇನು ಅಂದರೆ, ನಾವು ಬೈತೀವಿ ಅಂತ ಮರುದಿನ ಸಂಜೆವರೆಗೂ ಯಾರಿಗೂ ಹೇಳಲಿಲ್ಲ. 1930ಕ್ಕೆ ಫೋನ್ ಮಾಡುವ ಹೊತ್ತಿಗೆ ದುಡ್ಡು ಕೈಯಿಂದ ಕೈಗೆ ದಾಟಿ ಹೋಗಿತ್ತು. ಈ ಸೈಬರ್ ಸಹಾಯವಾಣಿಗೆ ಎಷ್ಟು ಬೇಗ ಹೇಳ್ತೀವೋ ದುಡ್ಡು ತಡೆಯೋ ಸಾಧ್ಯತೆ ಅಷ್ಟು ಜಾಸ್ತಿ. ಅದಕ್ಕೆ ಹೋಗೋ ಮುಂಚೆ ಅವ್ವನ ಕೈ ಹಿಡಿದು ಹೇಳು: 'ದುಡ್ಡು ಹೋದರೆ ಆ ಕ್ಷಣಕ್ಕೇ ನನಗೆ ಹೇಳು, ನಾನು ಒಂದು ಮಾತೂ ಬೈಯಲ್ಲ.' ಹೇಳಿದ ಮೇಲೆ ನಿಜವಾಗಲೂ ಬೈಯಬೇಡ.

ಉತ್ತರ, ಭಾಲ್ಕಿಯಿಂದ (ಬೀದರ್ ಜಿಲ್ಲೆ)

ಕಲಬುರಗಿ ಅಕ್ಕ ಹೇಳಿದ್ದು ಬಹುತೇಕ ಸರಿ. ನಾನು ಎರಡು ವಿಷಯ ಸೇರಿಸ್ತೀನಿ.

ಆಧಾರ್ ಬೆರಳಚ್ಚು ಲಾಕ್ ಮಾಡಿ ಅಂತ ಎಲ್ಲರೂ ಸಲಹೆ ಕೊಡ್ತಾರೆ. ಒಳ್ಳೆಯದೇ, ಬೆರಳಚ್ಚು ಕದ್ದು ಖಾತೆಯಿಂದ ದುಡ್ಡು ತೆಗೆಯೋರೂ ಇದ್ದಾರೆ. ಆಧಾರ್‌ನ ಅಧಿಕೃತ ಆಪ್‌ನಲ್ಲೇ ಲಾಕ್ ಮಾಡಬಹುದು. ಆದರೆ ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟೂ ನಡೆಯಲ್ಲ. ನಮ್ಮಪ್ಪ ಎರಡು ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದರು. ಹೊಲದ ಕೆಲಸದಿಂದ ರೇಖೆ ಸವೆದಿರಬೇಕು ಅಂದುಕೊಂಡೆವು. ನಾನು ಲಾಕ್ ಮಾಡಿ ಮರೆತಿದ್ದೆ. ಅಕ್ಕಿ ತರೋ ದಿನ ಲಾಕ್ ತೆಗೆಯೋದನ್ನು ಅವ್ವನಿಗೇ ಕಲಿಸಿ, ಇಲ್ಲಾಂದ್ರೆ ನೀವು ಬೆಂಗಳೂರಿನಿಂದ ಅದನ್ನು ನೆನಪಿಟ್ಟು ಮಾಡಬೇಕಾಗುತ್ತೆ.

ಇನ್ನೊಂದು, ಕೇಳಿದ್ದಕ್ಕೆಲ್ಲ ಉತ್ತರ ಕೊಡೋ ಈ ಎಐ ಆಪ್ ಬಗ್ಗೆ. ಹೋದ ವರ್ಷ ತೊಗರಿ ಹೂ ಬಿಡೋ ಹೊತ್ತಿಗೆ ಅಲ್ಲಲ್ಲಿ ಗಿಡ ಬಾಡೋಕೆ ಶುರುವಾಯ್ತು. ನಾನೇ ಎಐಗೆ ಕನ್ನಡದಲ್ಲಿ ಕೇಳಿದೆ. ಅದು ಎಷ್ಟು ಧೈರ್ಯವಾಗಿ ಒಂದು ಔಷಧಿ ಹೇಳಿತು ಅಂದರೆ ಅಪ್ಪ ಸಿಂಪಡಿಸೋಕೆ ಹೊರಟೇಬಿಟ್ಟಿದ್ದರು. ಅದೃಷ್ಟಕ್ಕೆ ಗಿಡ ಕಿತ್ತುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸಿದರು. ಅದು ನೆಟೆ ರೋಗ. ಮಣ್ಣಿನಲ್ಲಿರೋ ಶಿಲೀಂಧ್ರ ಬೇರಿನಿಂದ ಹತ್ತಿ ನೀರು ಏರೋ ದಾರಿಯನ್ನೇ ಕಟ್ಟಿಬಿಡುತ್ತೆ. ಮೇಲೆ ಎಷ್ಟು ಸಿಂಪಡಿಸಿದರೂ ಬಾಡಿದ ಗಿಡ ಏಳಲ್ಲ. ಮುಂದಿನ ಸಲ ರೋಗ ತಡೆಯೋ ತಳಿ, ಬಿತ್ತೋ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯೋ ಒಳ್ಳೇ ಶಿಲೀಂಧ್ರ) ಹಚ್ಚೋದು, ಆ ಹೊಲದಲ್ಲಿ ಬೆಳೆ ಬದಲಾವಣೆ, ಇದೇ ದಾರಿ ಅಂದರು. ಈಗ ಎಐ ಬಿಟ್ಟಿಲ್ಲ. ಬ್ಯಾಂಕಿನ ಇಂಗ್ಲಿಷ್ ಕಾಗದ ಕನ್ನಡದಲ್ಲಿ ತಿಳಿಸು ಅಂತ ದಿನಾ ಕೇಳ್ತೀನಿ, ಬಹಳ ಉಪಯೋಗ. ಆದರೆ ಔಷಧಿ, ಅದು ಬೆಳೆಗಾಗಲಿ ಮನುಷ್ಯರಿಗಾಗಲಿ, ಅದರ ಮಾತಿನ ಮೇಲೆ ತಗೋಬೇಡಿ ಅಂತ ಅವ್ವನಿಗೆ ಹೇಳಿ. ನೀವು ನರ್ಸ್, ನಿಮ್ಮ ಮಾತು ಕೇಳ್ತಾರೆ.

ಉತ್ತರ, ಆಳಂದದಿಂದ

ನಮ್ಮ ಮನೆಯಲ್ಲಿ ಬೇರೆ ಥರ ಆಯ್ತು. ಅಪ್ಪನಿಗೆ ಸ್ಮಾರ್ಟ್‌ಫೋನ್ ಬೇಡವೇ ಬೇಡ ಅಂದರು. ಒಂದು ವರ್ಷ ಜಗಳ ಆಡಿದೆ, ಆಮೇಲೆ ಬಿಟ್ಟೆ. ಬಟನ್ ಫೋನಿನಲ್ಲೂ ಯುಪಿಐ ಇದೆ, ಯುಪಿಐ 123ಪೇ ಅಂತ 2022ರಲ್ಲಿ ಬಂದಿದೆ. ಇಂಟರ್ನೆಟ್ ಬೇಕಿಲ್ಲ. ಅವರಿಗೆ ಅಷ್ಟು ಸಾಕಾಗಿದೆ. ಅವ್ವ ಒಪ್ಪಿದರೆ ಕಲಿಸಿ, ಒಪ್ಪದಿದ್ದರೆ ಬಲವಂತ ಬೇಡ. ಏನೇ ಆದರೂ ಹಳೇ ಬಟನ್ ಫೋನ್ ಎಸೆಯಬೇಡಿ. ಕರೆ ಮಾಡೋಕೆ ಅದು ಪಕ್ಕದಲ್ಲಿದ್ದರೆ ಹೊಸದನ್ನು ನಿಧಾನಕ್ಕೆ ಕಲಿಯಬಹುದು.

ಇನ್ನೊಂದು ಎಚ್ಚರಿಕೆ. ಮದುವೆ ಕಾರ್ಡ್ ಅಂತ ವಾಟ್ಸಾಪ್‌ಗೆ ಎಪಿಕೆ ಫೈಲ್ ಬರುತ್ತೆ. ಅದು ಕಾರ್ಡ್ ಅಲ್ಲ, ಫೋನಿನೊಳಗೆ ಕೂರೋ ಕಳ್ಳ ಆಪ್. ಪೊಲೀಸ್ ವೇಷ ಹಾಕಿ ವಿಡಿಯೋ ಕಾಲ್‌ನಲ್ಲಿ 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಅನ್ನೋರೂ ಇದ್ದಾರೆ. ಹಾಗೆ ಅರೆಸ್ಟ್ ಮಾಡೋದು ನಮ್ಮ ಕಾನೂನಿನಲ್ಲೇ ಇಲ್ಲ. ಹೆದರಿಸಿದರೆ ಕರೆ ಕಟ್ ಮಾಡೋದು, ಅಷ್ಟೇ.

ಮತ್ತೆ, ಶಹಾಪುರದಿಂದ

ಎಲ್ಲರಿಗೂ ಶರಣು. ಇವತ್ತು ಮಧ್ಯಾಹ್ನ ಫೋನ್ ಅವ್ವನ ಕೈಗೆ ಕೊಟ್ಟು ನನ್ನ ಎರಡೂ ಕೈ ಸೆರಗಿನಲ್ಲಿ ಕಟ್ಟಿಕೊಂಡು ಕೂತೆ. ರೊಟ್ಟಿಯ ಮಾತು ಹೇಳಿದೆ. ಅಣ್ಣನಿಗೆ ವಿಡಿಯೋ ಕಾಲ್ ಮಾಡೋಕೆ ಇಪ್ಪತ್ತು ನಿಮಿಷ ಹಿಡಿಯಿತು, ಮಾಡಿದಳು. ಅವನು 'ಯಾರು ಮಾಡಿಕೊಟ್ಟರು' ಅಂತ ಕೇಳಿದ. 'ನಾನೇ ಮಾಡೀನಿ' ಅಂದಳು. ಒಂದು ಸಣ್ಣ ಪ್ರಶ್ನೆ: ನಮ್ಮದು ತಗಡಿನ ಮನೆ, ಚಾರ್ಜ್‌ಗೆ ಹಾಕಿದಾಗ ಫೋನ್ ತುಂಬಾ ಬಿಸಿಯಾಗ್ತಿದೆ. ಏನಾದರೂ ತೊಂದರೆನಾ?

ಉತ್ತರ, ಕಲಬುರಗಿಯಿಂದ

ನಮ್ಮ ಕಡೆ ಬೇಸಿಗೆಗೆ ಹಾಗಾಗುತ್ತೆ ತಂಗಿ. ಮಧ್ಯಾಹ್ನ ಚಾರ್ಜ್ ಹಾಕೋದು ಬೇಡ, ಬೆಳಗಿನ ಜಾವ ಹಾಕಲಿ. ಹಿಂದಿನ ಕವರ್ ತೆಗೆದು ನೆಲದ ಪರಶಿ ಕಲ್ಲಿನ ಮೇಲಿಡಲಿ, ತಂಪಾಗಿರುತ್ತೆ. ಹಾಸಿಗೆ, ದಿಂಬಿನ ಮೇಲೆ ಇಡಬಾರದು. ಗೋಡೆಯಲ್ಲಿ ಚಾರ್ಜರ್ ಹತ್ತಿರ 1930 ಅಂತ ದೊಡ್ಡದಾಗಿ ಬರೆದು, ಕೆಳಗೆ ನಿನ್ನ ನಂಬರ್ ಬರಿ. ಅವ್ವ 'ನಾನೇ ಮಾಡೀನಿ' ಅಂದಿದ್ದನ್ನು ನಮ್ಮವ್ವನಿಗೆ ಓದಿ ಹೇಳಿದೆ. ಒಂದಿನ ನಿಮ್ಮವ್ವನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕಂತೆ, ಯಾವಾಗ ಅನುಕೂಲ ಹೇಳು.