5ನೇ ಕ್ರಾಸ್ ಮೂಲೆಯ ಸೆಲ್ಲಾರ್ ಗುಂಡಿ: ಮಳೆ ಜೋರಾಗುವ ಮೊದಲು ಏನಾದರೂ ಮಾಡಲೇಬೇಕು

ಮನೆ 31, 5ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ದಯವಿಟ್ಟು ಗುಡ್ ಮಾರ್ನಿಂಗ್ ಫೋಟೋ ಇವತ್ತೊಂದು ದಿನ ಬೇಡ, ಈ ವಿಷಯ ಕೆಳಗೆ ಹೋಗಿಬಿಡುತ್ತದೆ. ಮೂಲೆ ಸೈಟಿನಲ್ಲಿ ಸೆಲ್ಲಾರ್‌ಗೆ, ಅಂದರೆ ನೆಲದಡಿಯ ಮಹಡಿಗೆ, ಅಂತ ತೋಡಿರುವ ಗುಂಡಿಯ ರಸ್ತೆ ಕಡೆಯ ಮಣ್ಣು ನಿನ್ನೆ ರಾತ್ರಿಯ ಮಳೆಗೆ ಕಳಚಿ ಬಿದ್ದಿದೆ. ಗುಂಡಿ ಹನ್ನೆರಡು ಅಡಿಗೆ ಕಮ್ಮಿ ಇಲ್ಲ, ನೆಟ್ಟಗೆ ಕೊರೆದಿದ್ದಾರೆ, ಅಂಚಿಗೂ ಡಾಂಬರಿಗೂ ಮಧ್ಯೆ ಈಗ ಉಳಿದಿರುವುದು ಎರಡು ಅಡಿ ಮಣ್ಣು. ಸ್ಕೂಲ್ ವ್ಯಾನ್‌ಗಳು ತಿರುಗುವುದು ಅಲ್ಲೇ. ತಗಡು ನಿಲ್ಲಿಸಿಲ್ಲ. ಕೆಂಪು ಬಿಳಿ ರಿಬ್ಬನ್ ಒಂದು ಕಟ್ಟಿದ್ದಾರೆ, ಅದೂ ಒಂದು ಕಡೆ ಕಿತ್ತುಕೊಂಡು ಗುಂಡಿಯೊಳಗೆ ಜೋತಾಡುತ್ತಿದೆ.

ಮೇಸ್ತ್ರಿಯನ್ನು ಕೇಳಿದೆ, "ಓನರ್‌ನ ಕೇಳಿ ಸಾರ್" ಅಂದರು. ಓನರ್‌ಗೆ ಫೋನ್ ಮಾಡಿದರೆ "ಎಲ್ಲಾ ಕಾಂಟ್ರಾಕ್ಟ್ ಕೊಟ್ಟಾಗಿದೆ, ಅವರದೇ ಜವಾಬ್ದಾರಿ" ಅಂದರು. ಕಾಂಟ್ರಾಕ್ಟರ್ ಫೋನೇ ಎತ್ತುತ್ತಿಲ್ಲ. ಹಾಗಾದರೆ ಜವಾಬ್ದಾರಿ ಯಾರದ್ದು? ಇಲ್ಲಿ ತಿಳಿದವರು ಇದ್ದಾರೆ, ಹೇಳಿ.

ಮನೆ 12, 4ನೇ ಕ್ರಾಸ್:
ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ರಾತ್ರಿ ಹನ್ನೊಂದಕ್ಕೆ ಟಿಪ್ಪರ್ ಬರುತ್ತದೆ, ಜೆಸಿಬಿ ಶಬ್ದ ಬೇರೆ, ನಮ್ಮತ್ತೆಗೆ ನಿದ್ದೆ ಅನ್ನೋದೇ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಈ ಥರ ಗಲಾಟೆ ಮಾಡುವ ಹಾಗಿಲ್ಲ ಅಲ್ವಾ? ಸುಮ್ನೆ ಕಂಪ್ಲೇಂಟ್ ಕೊಟ್ಟು ಕೆಲಸ ನಿಲ್ಲಿಸಿಬಿಡೋಣ. ಅಷ್ಟೇ.

ಮನೆ 8, 5ನೇ ಕ್ರಾಸ್:
ಮೇಡಂ, ನಿಮ್ಮ ಕಷ್ಟ ಅರ್ಥ ಆಗುತ್ತದೆ, ರಾತ್ರಿ ಕೆಲಸ ನಿಲ್ಲಲೇಬೇಕು. ಆದರೆ "ಕೆಲಸ ನಿಲ್ಲಿಸಿ" ಅಂತ ಮಾತ್ರ ಬರೆಯಬೇಡಿ. ನಾನು ಸೈಟ್ ಇಂಜಿನಿಯರ್ ಆಗಿಯೇ ದುಡಿದು ನಿವೃತ್ತನಾದವನು, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅರ್ಧ ತೋಡಿದ ಗುಂಡಿಯನ್ನು ಹಾಗೇ ಬಿಟ್ಟು ಬೀಗ ಹಾಕಿಕೊಂಡು ಹೋದರೆ ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ನೋಡಿಕೊಳ್ಳುವವರು ಇರುವುದಿಲ್ಲ, ಪಂಪ್ ಓಡುವುದಿಲ್ಲ, ನೀರು ನಿಂತು ಬುಡ ಮೆತ್ತಗಾಗುತ್ತದೆ.

ನಮ್ಮ ಕಡೆಯ ಕೆಂಪು ಮಣ್ಣು ಒಣಗಿದ್ದಾಗ ಕಟ್ಟಿದ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನಂಬಿಕೊಂಡೇ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ನೆಟ್ಟಗೆ ಕೊರೆದುಬಿಡುತ್ತಾರೆ. ನೀರು ಕುಡಿದ ಮೇಲೆ ಅದೇ ಮಣ್ಣಿಗೆ ಹಿಡಿತ ಇರುವುದಿಲ್ಲ, ಮುನ್ಸೂಚನೆ ಕೊಡದೆ ದೊಡ್ಡ ಹೆಂಟೆಯಾಗಿ ಕಳಚಿಕೊಳ್ಳುತ್ತದೆ. ಒಂದು ಘನ ಮೀಟರ್ ಒದ್ದೆ ಮಣ್ಣು ಹತ್ತಿರ ಹತ್ತಿರ 2 ಟನ್ ತೂಗುತ್ತದೆ. ಕೆಳಗೆ ಕಂಬಿ ಕಟ್ಟುತ್ತಿರುವವನು ಎದೆಮಟ್ಟ ಹೂತುಹೋದರೂ ಸಾಕು, ಉಸಿರು ಎಳೆದುಕೊಳ್ಳಲು ಆಗುವುದಿಲ್ಲ.

ಅದಕ್ಕೇ ಅಗೆತದ ಸುರಕ್ಷತೆಗೆ ಐಎಸ್ 3764 ಅಂತ ಮಾನದಂಡ ಇದೆ, ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೇ ಇದೆ. ಒಂದೂವರೆ ಮೀಟರ್‌ಗಿಂತ ಆಳ ಹೋದರೆ ಪಕ್ಕದ ಮಣ್ಣಿಗೆ ಆಸರೆ ಕೊಡಬೇಕು, ಅಂದರೆ ಶೋರಿಂಗ್. ಜಾಗ ಇದ್ದರೆ ಇಳಿಜಾರಾಗಿ ಕತ್ತರಿಸಬಹುದು, ನಮ್ಮ ಸೈಟುಗಳಲ್ಲಿ ಆ ಜಾಗ ಎಲ್ಲಿದೆ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಹಾಕಬೇಕು, ಗುಂಡಿ ಆಳ ಇದ್ದರೆ ಇನ್ನೂ ದೂರ. ಇಲ್ಲಿ ಮಣ್ಣಿನ ರಾಶಿ ಅಂಚಿನ ಮೇಲೇ ಇದೆ, ಅದರ ಪಕ್ಕ ಟಿಪ್ಪರ್ ನಿಲ್ಲುತ್ತದೆ. ನಿನ್ನೆ ಕಳಚಿದ್ದು ಅದೇ ಜಾಗ, ಹೋಗಿ ನೋಡಿ ಬಂದೆ.

ಮನೆ 44, 5ನೇ ಕ್ರಾಸ್:
ಸಾರ್, ನಮ್ಮದು ಸೈಟಿಗೆ ಅಂಟಿಕೊಂಡಿರುವ ಮನೆ. ಕಾಂಪೌಂಡ್ ಗೋಡೆಯಲ್ಲಿ ಬಿರುಕು ಬಿಟ್ಟಿದೆ, ಮೇಲಿಂದ ಕೆಳಗೆ ಓರೆಯಾಗಿ. ಸಂಪಿನಲ್ಲೂ ನೀರು ಬೇಗ ಇಳಿದುಹೋಗುತ್ತಿದೆ ಅನ್ನಿಸುತ್ತಿದೆ. ರಾತ್ರಿ ಮಳೆ ಬಂದರೆ ನಾವು ಮುಂದಿನ ರೂಮಿನಲ್ಲೇ ಮಲಗುತ್ತೇವೆ. ಮನೆ ಬಿಡಬೇಕಾ?

ಮನೆ 8, 5ನೇ ಕ್ರಾಸ್:
ಸಂಜೆ ಬಂದು ನೋಡುತ್ತೇನೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ. ಗೋಡೆ ಅಲುಗಾಡಿದರೆ ಗಾಜು ಸೀಳುತ್ತದೆ. ಗೆರೆ ದಾಟಿ ಬಿರುಕು ಬೆಳೆದಿದ್ದರೆ ಮತ್ತೆ ಪೆನ್ಸಿಲ್ ಗೆರೆ, ಮತ್ತೆ ತಾರೀಕು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. "ಇದು ಹಳೇ ಬಿರುಕು" ಅಂತ ಅವರು ಹೇಳಿದಾಗ ಇದೊಂದೇ ಉತ್ತರ. ಸಂಪಿನ ನೀರು ರಾತ್ರಿ ಎಷ್ಟಿತ್ತು, ಬೆಳಿಗ್ಗೆ ಎಷ್ಟಿದೆ ಅಂತಲೂ ಗುರುತು ಹಾಕಿ. ಸಂಪು ಸೋರುತ್ತಿದ್ದರೆ ಆ ನೀರು ಹೋಗುತ್ತಿರುವುದು ಅದೇ ಮಣ್ಣಿನೊಳಕ್ಕೆ, ತಕ್ಷಣ ಖಾಲಿ ಮಾಡಬೇಕು. ಗಾಜು ಸೀಳಿದರೆ, ಬಾಗಿಲು ಕಿಟಕಿ ಬಿಗಿಯಾದರೆ, ಯೋಚನೆ ಮಾಡುತ್ತಾ ಕೂರಬೇಡಿ, ನಮ್ಮನೆಗೆ ಬನ್ನಿ. ರಾತ್ರಿ ಎಷ್ಟೊತ್ತಾದರೂ ಸರಿ.

ಮನೆ 27, 6ನೇ ಕ್ರಾಸ್:
ಎಲ್ಲರೂ ರಸ್ತೆ ಬಗ್ಗೆ, ಗೋಡೆ ಬಗ್ಗೆ ಬರೆಯುತ್ತಿದ್ದೀರಿ, ಸರಿ. ಗುಂಡಿಯ ಹಿಂದಿನ ಅಂಚಿನಲ್ಲಿ ಶೆಡ್‌ಗಳಿವೆಯಲ್ಲ, ಅಲ್ಲಿಗೆ ಯಾರಾದರೂ ಹೋಗಿದ್ದೀರಾ? ನಾನು ಹೋಗಿದ್ದೆ. ಯಾದಗಿರಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಇಲ್ಲೇ ಕೆಲಸ. ಮಕ್ಕಳು ಶೆಡ್ ಬಾಗಿಲಿಂದ ಹೊರಗೆ ಕಾಲಿಟ್ಟರೆ ಮೂರು ಹೆಜ್ಜೆಗೆ ಗುಂಡಿ. ಒಂದು ಕೂಸನ್ನು ಸೀರೆ ತುದಿಯಲ್ಲಿ ಸೊಂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದ್ದರು, ಗುಂಡಿಗೆ ಬೀಳಬಾರದು ಅಂತ. ಆ ತಾಯಿ ಕೆಳಗೆ ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಾ ಆಗಾಗ ತಲೆ ಎತ್ತಿ ನೋಡುತ್ತಿದ್ದರು.

ಕರೆಂಟ್ ವೈರ್ ಜೋಡಿಸಿದ ಕಡೆ ಟೇಪ್ ಸುತ್ತಿ ಹಾಗೇ ನೆಲದ ಮೇಲೆ ಬಿಟ್ಟಿದ್ದಾರೆ, ನೀರಿನೊಳಗೆ. ಕೆಳಗೆ ಇಳಿಯಲು ಏಣಿ ಇಲ್ಲ, ಮಣ್ಣಿನಲ್ಲೇ ಮೆಟ್ಟಿಲು ಕಡಿದಿದ್ದಾರೆ, ಅದು ಜಾರುತ್ತದೆ. ಹೆಲ್ಮೆಟ್ ಇಲ್ವಾ ಅಂತ ಕೇಳಿದೆ. ಇದೆಯಂತೆ, ಆಫೀಸರ್ ಬಂದಾಗ ಕೊಡುತ್ತಾರಂತೆ. "ಅಕ್ಕಾ, ದೊಡ್ಡದು ಮಾಡಬ್ಯಾಡ್ರಿ, ಕೆಲಸ ಹೋಗ್ತದ" ಅಂದರು. ಆದ್ದರಿಂದ ಅವರ ಫೋಟೋ, ಹೆಸರು ಯಾವುದೂ ಈ ಗುಂಪಿನಲ್ಲಿ ಬೇಡ. ನಮ್ಮ ಪತ್ರದಿಂದ ಅವರ ಕೂಲಿ ಹೋಗಬಾರದು, ಇದು ನನ್ನ ಷರತ್ತು.

ಮನೆ 19, 4ನೇ ಕ್ರಾಸ್:
ತಪ್ಪು ತಿಳಿಯಬೇಡಿ. ಆ ಮಾಲೀಕರು ನಮ್ಮ ಬಡಾವಣೆಯವರೇ, ಗಣೇಶನ ಹಬ್ಬಕ್ಕೆ ಕೈ ಎತ್ತಿ ಕೊಡುವವರು. ಆಫೀಸಿಗೆಲ್ಲಾ ಅರ್ಜಿ ಹಾಕಿ ಮುಖ ಕೆಡಿಸಿಕೊಳ್ಳುವುದು ಯಾಕೆ? ಕಾರ್ಮಿಕರ ವಿಷಯ ಅವರಿಗೂ ಕಾಂಟ್ರಾಕ್ಟರ್‌ಗೂ ಬಿಟ್ಟಿದ್ದು. ಮನೆ ಕಟ್ಟುವಾಗ ನಾವೂ ಎಲ್ಲಾ ನಿಯಮ ನೋಡಿಕೊಂಡು ಕಟ್ಟಿದ್ವಾ?

ಮನೆ 5, 6ನೇ ಕ್ರಾಸ್:
ಅಣ್ಣಾ, ಅವರು ಒಳ್ಳೆಯವರು ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಅವರಿಗೆ ಈಗಲೇ ತಿಳಿಸುವುದೇ ಉಪಕಾರ. ನಾನು ವಕೀಲೆ, ಕಾರ್ಮಿಕ ಕೇಸುಗಳನ್ನೇ ಜಾಸ್ತಿ ನೋಡುವವಳು. "ಕಾಂಟ್ರಾಕ್ಟ್ ಕೊಟ್ಟಾಗಿದೆ" ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಮಾಲೀಕರೂ ಉದ್ಯೋಗದಾತರೇ, ಗುತ್ತಿಗೆದಾರರೂ ಉದ್ಯೋಗದಾತರೇ ಆಗಿದ್ದರು. ಅದರ 44ನೇ ಸೆಕ್ಷನ್ ಪ್ರಕಾರ ಅಪಘಾತ ಆಗದಂತೆ ಸದಾ ಮೇಲ್ವಿಚಾರಣೆ ನಡೆಸುವುದು ಉದ್ಯೋಗದಾತರ ಹೊಣೆ ಆಗಿತ್ತು. ಕೆಲಸ ಶುರು ಮಾಡುವ 30 ದಿನ ಮೊದಲೇ ನಿರೀಕ್ಷಕರಿಗೆ ಲಿಖಿತ ಸೂಚನೆ ಕೊಡಬೇಕು ಅಂತ 46ನೇ ಸೆಕ್ಷನ್ ಇತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅದೂ ಮಾಲೀಕರ ತಲೆಗೇ ಬರುತ್ತದೆ. ಕುಡಿಯುವ ನೀರು, ಶೌಚಾಲಯ, ಇರಲು ಜಾಗ, ಪ್ರಥಮ ಚಿಕಿತ್ಸೆ, ಇವೆಲ್ಲಾ ದಯೆ ತೋರಿಸಿ ಕೊಡುವುದಲ್ಲ, ಕೊಡಲೇಬೇಕಾದದ್ದು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಹತ್ತು ಜನ ಕೆಲಸಗಾರರು ಇದ್ದರೆ ಅನ್ವಯ ಆಗುತ್ತದೆ ಅನ್ನುವುದು ಎರಡರಲ್ಲೂ ಒಂದೇ. ಸ್ವಂತ ವಾಸಕ್ಕೆ 50 ಲಕ್ಷದೊಳಗೆ ಕಟ್ಟುವ ಮನೆಗೆ ಹೊಸ ಸಂಹಿತೆಯಲ್ಲಿ ವಿನಾಯಿತಿ ಇದೆ. "ನಾವೂ ಕಟ್ಟಿದ್ವಾ" ಅಂದಿರಲ್ಲ, ನಮ್ಮಲ್ಲಿ ಬಹಳ ಜನರ ಮನೆ ಆ ಲೆಕ್ಕದಲ್ಲಿ ಬರಬಹುದು. ಇದು ಬಾಡಿಗೆಗೆ ಕಟ್ಟುತ್ತಿರುವ ಸೆಲ್ಲಾರ್, ನಾಲ್ಕು ಮಹಡಿ. ಇದಕ್ಕೆ ವಿನಾಯಿತಿ ಸಿಗುವುದಿಲ್ಲ.

ಅದೆಲ್ಲಾ ಬಿಡಿ. ನಿರ್ಲಕ್ಷ್ಯದಿಂದ ಒಬ್ಬರ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು. ಆವಾಗ ಹಬ್ಬದ ಚಂದಾ ಯಾರೂ ಕೇಳುವುದಿಲ್ಲ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು 9 ಜನ ಕಾರ್ಮಿಕರು ಸತ್ತರು. 2023ರ ಜನವರಿಯಲ್ಲಿ ಮೆಟ್ರೋ ಕಂಬದ ಕಂಬಿ ಚೌಕಟ್ಟು ಉರುಳಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮಗು ಹೋದರು. ಅವರು ಆ ಕೆಲಸದವರೂ ಅಲ್ಲ, ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದವರು. ಹಾಗಾಗಿ ಇದು ಅವರವರ ವಿಷಯ ಅನ್ನಬೇಡಿ.

ಮನೆ 19, 4ನೇ ಕ್ರಾಸ್:
ಸರಿಯಮ್ಮ. ನನಗೆ ಅವರ ಪರಿಚಯ ಇದೆ, ಮೊದಲು ನಾನು ಕೂತು ಮಾತಾಡುತ್ತೇನೆ. ಆದರೆ ಏನು ಕೇಳಬೇಕು ಅಂತ ಒಂದೇ ಮಾತಿನಲ್ಲಿ ಹೇಳಿ. ಹತ್ತು ಜನ ಹತ್ತು ಥರ ಕೇಳಿದರೆ ಅವರು ಯಾವುದನ್ನೂ ಮಾಡುವುದಿಲ್ಲ.

ಮನೆ 8, 5ನೇ ಕ್ರಾಸ್:
ಇದು ನ್ಯಾಯವಾದ ಮಾತು. ಇವತ್ತೇ ಆಗಬೇಕಾದ್ದು: ಶೋರಿಂಗ್ ಆಗುವವರೆಗೆ ಗುಂಡಿಗೆ ಯಾರನ್ನೂ ಇಳಿಸಬಾರದು, ಶೆಡ್‌ಗಳನ್ನು ಅಂಚಿನಿಂದ ತೆಗೆದು ಸೈಟಿನ ಎದುರಿನ ಖಾಲಿ ಜಾಗಕ್ಕೆ ಹಾಕಬೇಕು, ವೈರ್‌ಗಳನ್ನು ಕಂಬಕ್ಕೆ ಎತ್ತಿ ಕಟ್ಟಿ 30 ಮಿಲಿಯಾಂಪ್‌ನ ಆರ್‌ಸಿಸಿಬಿ ಹಾಕಬೇಕು. ಅದು ಸಾವಿರ ಚಿಲ್ಲರೆ ರೂಪಾಯಿಯ ಸಾಮಾನು, ಶಾಕ್ ಹೊಡೆದ ಕ್ಷಣ ಲೈನ್ ಕತ್ತರಿಸುತ್ತದೆ. ರಸ್ತೆ ಕಡೆಗೆ ಆಳೆತ್ತರದ ತಗಡು, ರಾತ್ರಿ ಕೆಂಪು ದೀಪ. ಅಂಚಿನ ಮಣ್ಣು ತೆಗೆಸಿ, ಟಿಪ್ಪರ್ ದೂರ ನಿಲ್ಲಿಸಿ. ರಸ್ತೆ ನೀರು ಒಳಗೆ ಇಳಿಯದ ಹಾಗೆ ಮರಳು ಚೀಲದ ಅಡ್ಡಗಟ್ಟೆ, ಒಳಗಿನ ನೀರಿಗೆ ಪಂಪ್.

ಆಮೇಲೆ ಅವರ ಸ್ಟ್ರಕ್ಚರಲ್ ಇಂಜಿನಿಯರ್ ಸ್ವತಃ ಬಂದು ನೋಡಿ ಶೋರಿಂಗ್ ಡ್ರಾಯಿಂಗಿಗೆ ಸಹಿ ಹಾಕಬೇಕು. ಮೇಸ್ತ್ರಿ ಅಂದಾಜಿನಲ್ಲಿ ಸರ್ವೆ ಮರ ಒತ್ತಿ ನಿಲ್ಲಿಸುವುದು ಶೋರಿಂಗ್ ಅಲ್ಲ. ರಿಟೇನಿಂಗ್ ವಾಲ್, ಅಂದರೆ ಮಣ್ಣು ತಡೆಯುವ ಗೋಡೆ, ತುಂಡು ತುಂಡಾಗಿ ಬೇಗ ಏರಿಸಿ, ಹಿಂದೆ ಮಣ್ಣು ತುಂಬಿಸಿ ಗಟ್ಟಿ ಮಾಡಬೇಕು. ಗೋಡೆ ಎದ್ದ ಮೇಲೆ ನಮಗೂ ನೆಮ್ಮದಿ, ಅವರಿಗೂ ನೆಮ್ಮದಿ. ನೋಡಿ, ಇದರಲ್ಲಿ ಎಲ್ಲೂ ಕೆಲಸ ನಿಲ್ಲಿಸಿ ಅಂತ ಇಲ್ಲ. ಈ ಕೆಲಸ ಮೊದಲು ಮಾಡಿ ಅಂತ ಇದೆ.

ಮನೆ 12, 4ನೇ ಕ್ರಾಸ್:
ಒಪ್ಪಿದೆ. ರಾತ್ರಿ 10ರ ಮೇಲೆ ಲಾರಿ ಬೇಡ ಅನ್ನುವುದನ್ನೂ ಸೇರಿಸಿ. ಗುಂಡಿಯಲ್ಲಿ ನಿಂತ ನೀರಿಗೆ ಸೊಳ್ಳೆ ಬಂದಿದೆ, ಅದನ್ನೂ ಬರೆಯಿರಿ. 2024ರಲ್ಲಿ ಡೆಂಗಿಗೆ ನಿಯಮ ತಂದು ಕಟ್ಟಡದ ಜಾಗಗಳಿಗೆ ನಗರದಲ್ಲಿ 2,000 ರೂಪಾಯಿ ದಂಡ ಅಂತ ಮಾಡಿದ್ದಾರೆ. ಮತ್ತೆ, ಮಕ್ಕಳು ಹಗಲು ಹೊತ್ತು ಗುಂಡಿ ಹತ್ತಿರ ಇರುವುದು ಬೇಡ. ನಮ್ಮತ್ತೆ ಅಂಗನವಾಡಿ ಟೀಚರ್ ಹತ್ತಿರ ಮಾತಾಡುತ್ತಾರಂತೆ.

ಮನೆ 27, 6ನೇ ಕ್ರಾಸ್:
ತುಂಬಾ ಒಳ್ಳೇದು ಮೇಡಂ, ನಾನೂ ಬರುತ್ತೇನೆ. ಕೆಲಸದವರಲ್ಲಿ ಯಾರಿಗೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇಲ್ಲ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಆಗುತ್ತದೆ. ಕಟ್ಟಡದ ವೆಚ್ಚದಲ್ಲಿ ಶೇಕಡಾ 1 ಸೆಸ್ ಹೋಗುವುದೇ ಇವರಿಗೋಸ್ಕರ, ಆದರೆ ಇವರಿಗೇ ಗೊತ್ತಿಲ್ಲ. ಕಾರ್ಮಿಕ ಸಹಾಯವಾಣಿ 155214 ಅಂತ ಶೆಡ್ ಹತ್ತಿರ ಬರೆದುಕೊಟ್ಟಿದ್ದೇನೆ.

ಮನೆ 5, 6ನೇ ಕ್ರಾಸ್:
ಪತ್ರ ನಾನು ಬರೆಯುತ್ತೇನೆ. ಮಾಲೀಕರಿಗೆ, ಗುತ್ತಿಗೆದಾರರಿಗೆ, ಅವರ ಇಂಜಿನಿಯರ್‌ಗೆ, ಮೂವರಿಗೂ ಒಂದೇ ಪತ್ರ, ಸ್ಪೀಡ್ ಪೋಸ್ಟ್‌ನಲ್ಲಿ. ಮುಂದೆ "ನಮಗೆ ಗೊತ್ತೇ ಇರಲಿಲ್ಲ" ಅಂತ ಒಬ್ಬರೂ ಹೇಳುವ ಹಾಗಿರಬಾರದು. ಪ್ರತಿ ನಮ್ಮ ನಗರ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ, ಇನ್ನೊಂದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಬಿಬಿಎಂಪಿ ಹೆಸರಿಗೆ ಕಳಿಸಬೇಡಿ, ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ. ಮಂಜೂರಾದ ನಕ್ಷೆಯನ್ನು ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಇಲ್ಲಿ ಬೋರ್ಡೇ ಇಲ್ಲ. ಸೆಲ್ಲಾರ್‌ಗೆ ಅನುಮತಿ ಇದೆಯಾ, ಎಷ್ಟು ಆಳಕ್ಕೆ, ಪಾಲಿಕೆ ನೋಡಲಿ.

ಮನೆ 31, 5ನೇ ಕ್ರಾಸ್:
ಹಾಗಾದರೆ ಹೀಗೆ. 19ನೇ ಮನೆಯವರು ಇವತ್ತು ಸಂಜೆ ಮಾಲೀಕರ ಹತ್ತಿರ ಹೋಗುತ್ತಾರೆ, ಜೊತೆಗೆ ಇಂಜಿನಿಯರ್ ಸಾರ್ ಮತ್ತು ನಾನು. ಮಾತು ಒಳ್ಳೆಯದಾಗಿ ಮುಗಿದರೂ ಪತ್ರ ಹೋಗುತ್ತದೆ, ಅದರಲ್ಲಿ ಬದಲಾವಣೆ ಇಲ್ಲ. ರಸ್ತೆ ತುದಿಯಲ್ಲಿ ನಮ್ಮ ಕೈಯಿಂದಲೇ ಎರಡು ಡ್ರಮ್, ಹಗ್ಗ ಇಡೋಣ, ವ್ಯಾನ್ ಡ್ರೈವರ್‌ಗಳಿಗೆ ನಾಳೆಯಿಂದ 4ನೇ ಕ್ರಾಸಿನಲ್ಲಿ ತಿರುಗಿಸಿ ಅಂತ ಹೇಳಿಬಿಟ್ಟಿದ್ದೇನೆ. ರಾತ್ರಿ ಮಣ್ಣು ಜಾರಿದ ಶಬ್ದ ಕೇಳಿದರೆ ಮೊದಲು 112, ಆಮೇಲೆ ಗುಂಪಿನಲ್ಲಿ ಮೆಸೇಜ್. ಯಾರೂ ಅಂಚಿಗೆ ಹೋಗಿ ಬಗ್ಗಿ ನೋಡಬೇಡಿ, ವಿಡಿಯೋ ಮಾಡಲು ಅಂತೂ ಬೇಡವೇ ಬೇಡ. ವೈರ್ ನೀರಿಗೆ ಬಿದ್ದಿದ್ದರೆ ಬೆಸ್ಕಾಂ 1912.

ಪತ್ರದ ಪ್ರತಿ ನಾಳೆ ಬೆಳಿಗ್ಗೆ 7ರಿಂದ 9ರವರೆಗೆ ಪಾರ್ಕ್ ಗೇಟಿನ ಹತ್ತಿರ ಇರುತ್ತದೆ. ಸಹಿ ಜೊತೆ ಮನೆ ನಂಬರ್ ಬರೆಯಿರಿ. ಬಾಡಿಗೆಗೆ ಇರುವವರೂ ಹಾಕಬಹುದು. ಬರಲು ಆಗದ ಹಿರಿಯರು ಇಲ್ಲಿ ತಿಳಿಸಿ, ಮನೆಗೇ ತರುತ್ತೇವೆ.

ಮನೆ 44, 5ನೇ ಕ್ರಾಸ್:
ಗಾಜು ಅಂಟಿಸಿದ್ದೇವೆ, ಫೋಟೋ ಹಾಕಿದ್ದೇನೆ ನೋಡಿ. ಸಂಪು ಖಾಲಿ ಮಾಡಿಸಿದೆ. ಎರಡು ದಿನಕ್ಕೆ ನೀರು ಬೇಕು, ಪಕ್ಕದವರು ಯಾರಾದರೂ ಪೈಪ್ ಕೊಡುತ್ತೀರಾ?

ಮನೆ 46, 5ನೇ ಕ್ರಾಸ್:
ನಮ್ಮ ಸಂಪಿನಿಂದ ತಗೊಳ್ಳಿ ಅಕ್ಕ. ಮೋಟಾರ್ ಹಾಕಿ ಪೈಪ್ ಕಾಂಪೌಂಡ್ ಮೇಲಿಂದ ಎಸೆಯುತ್ತೇನೆ.